ಮುಂಬ್ರಾ ದಾಟಿದ ಪ್ರಾರ್ಥನೆ

ದೇವರಿಗೆ ಹತ್ತಿರವಾಗಬೇಕೆಂಬ ಆಸೆ ನನಗೆ ಮೊದಲಿನಿಂದಲೂ ಇದೆ. ಆದರೆ ಮುಂಬಯಿ ಪಕ್ಕದ ಈ ಡೊಂಬಿವಲಿಯಲ್ಲಿ ಮನುಷ್ಯರೇ ಎಷ್ಟು ಹತ್ತಿರವಿದ್ದಾರೆಂದರೆ, ನಡುವೆ ದೇವರಿಗೆ ಜಾಗ ಮಾಡಿಕೊಡುವುದು ಸುಲಭವಲ್ಲ. ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ. ಹೀಗಿರುವಾಗ ನಮ್ಮ ಕನ್ನಡ ಸಭೆಯ ಪಾಸ್ಟರು ಒಂದು ಭಾನುವಾರ, "ದಿನಕ್ಕೆ ಅರ್ಧ ಗಂಟೆ ಬಾಗಿಲು ಹಾಕಿಕೊಂಡು ದೇವರ ಜೊತೆ ಒಬ್ಬರೇ ಇರಿ. ಒಂದು ತಿಂಗಳು ಮಾಡ್ತೇನೆ ಅನ್ನುವವರು ಕೈಯೆತ್ತಿ" ಎಂದರು. ನಾನು ಎತ್ತಿದೆ. ಹೆಂಡತಿ ಸುಗುಣಾ ನೋಡಿದ ನೋಟಕ್ಕೇ ಕೈ ಇಳಿಸಬೇಕಿತ್ತು, ಆದರೆ ಪಾಸ್ಟರು ಆಗಲೇ ಹೆಸರು ಬರೆದುಕೊಂಡಿದ್ದರು. ತಿಂಗಳ ಕೊನೆಯ ಮನೆಪ್ರಾರ್ಥನೆ ನಮ್ಮಲ್ಲೇ, ಅಂದು ಎಲ್ಲರೆದುರು ನಾನು ನನ್ನ ಅನುಭವದ ಸಾಕ್ಷಿ ಹೇಳಬೇಕು ಎಂದೂ ಗೊತ್ತಾಯಿತು.

ನಮ್ಮ ಮನೆಯೊಳಗೆ ಚಿಲಕವಿರುವುದು ಬಚ್ಚಲಿನ ಬಾಗಿಲಿಗೆ ಮಾತ್ರ. ಮರುದಿನ ಬೆಳಿಗ್ಗೆ ಐದೂವರೆಗೆ ಅಲ್ಲಿ ಸೇರಿಕೊಂಡೆ. ನಲ್ಲಿಯಲ್ಲಿ ನೀರು ಬರುವುದೂ ಅದೇ ಅರ್ಧ ಗಂಟೆ. "ನೀವು ದೇವರ ಹತ್ರ ಹೋಗಿ, ನಾನು ಬೇಡ ಹೇಳುದಿಲ್ಲ. ಬಾಲ್ದಿ ಇತ್ಲಾಗೆ ಕೊಟ್ಟು ಹೋಗಿ" ಎಂದಳು ಸುಗುಣಾ. ಟೆರೇಸಿನ ಬೀಗದ ಕೈ ಕೇಳಿದರೆ ನಮ್ಮ ಕಟ್ಟಡದ ಸೊಸೈಟಿಯ ಸೆಕ್ರೆಟರಿ, ಹಪ್ಪಳ ಒಣಗಿಸುವುದಕ್ಕೇ ಕೊಟ್ಟಿಲ್ಲ, ಪ್ರಾರ್ಥನೆಗೆ ಹೇಗೆ ಕೊಡಲಿ ಎಂದರು. ಉಳಿದದ್ದು ರೈಲು.

ನಾನು ರಬಾಳೆಯ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಡೊಂಬಿವಲಿಯಿಂದಲೇ ಹೊರಡುವ ಲೋಕಲ್‌ನಲ್ಲಿ ಠಾಣೆಯವರೆಗೆ ಹೋಗಿ ಅಲ್ಲಿ ಗಾಡಿ ಬದಲಿಸುತ್ತೇನೆ. ಜೊತೆಗೆ ನಮ್ಮ ಕೆಳಗಿನ ಮನೆಯ ಶೆಟ್ಟರು. ಉಡುಪಿ ಕಡೆಯವರು, ಠಾಣೆಯ ಹೋಟೆಲೊಂದರಲ್ಲಿ ದಿನವಿಡೀ ನಿಂತೇ ಮೇಲ್ವಿಚಾರಣೆ ನೋಡುವವರು. ಹಾರಿ ಹತ್ತಿ ಸೀಟು ಹಿಡಿಯುವುದು ನಾನು. ಆದರೆ ನಮ್ಮ ಲೋಕಲ್‌ಗಳಲ್ಲಿ ಒಂದು ಕಟ್ಟಳೆಯಿದೆ: ಕೂತವನು ಅರ್ಧ ದಾರಿಯಲ್ಲಿ ಎದ್ದು, ನಿಂತವನಿಗೆ ಜಾಗ ಕೊಡಬೇಕು. ನಮ್ಮ ಅರ್ಧ ದಾರಿ ಮುಂಬ್ರಾ. ವರ್ಷಗಳಿಂದ ಅಲ್ಲಿ ನಾನು ಏಳುತ್ತಿದ್ದೆ, ಶೆಟ್ಟರು ಕೂರುತ್ತಿದ್ದರು.

ಕಣ್ಣು ಮುಚ್ಚಿ ಪ್ರಾರ್ಥಿಸಿದ ಮೊದಲ ದಿನ ಮುಂಬ್ರಾ ಬಂದದ್ದು ನನಗೆ ನಿಜವಾಗಿಯೂ ತಿಳಿಯಲಿಲ್ಲ. ಎರಡನೆಯ ದಿನ ತಿಳಿಯಿತು. ಏಳೋಣವೆನ್ನುವಷ್ಟರಲ್ಲಿ, ನನ್ನ ಭುಜ ತಟ್ಟಲು ಬಂದ ಯಾರನ್ನೋ ಶೆಟ್ಟರು ತಡೆದದ್ದು ಕೇಳಿಸಿತು: "ಉಠಾವ್ ಮತ್. ಭಗವಾನ್ ಸೇ ಬಾತ್ ಚಾಲೂ ಹೈ." ಎಬ್ಬಿಸಬೇಡ, ದೇವರ ಜೊತೆ ಮಾತು ನಡೆದಿದೆ ಎನ್ನುವಷ್ಟು ಗೌರವ ಸಿಕ್ಕಮೇಲೆ ನಡುವೆ ಕಣ್ಣು ಬಿಡುವುದು ಚೆನ್ನಾಗಿರುವುದಿಲ್ಲ. ಹೀಗೆ ನನ್ನ ಪ್ರಾರ್ಥನೆ ತಿಂಗಳಿಡೀ ಠಾಣೆಯವರೆಗೆ ಬೆಳೆಯಿತು. ಸಭೆಯ ರೋಗಿಗಳಿಗಾಗಿ, ವಿಧವೆಯರಿಗಾಗಿ, ಸೆಕ್ರೆಟರಿಯ ಮನಃಪರಿವರ್ತನೆಗಾಗಿ ಬೇಡಿಕೊಂಡೆ. ಠಾಣೆ ಬಂದಾಗ ಆಮೆನ್ ಅಂದು ಇಳಿದೆ.

ಮನೆಪ್ರಾರ್ಥನೆಯ ದಿನ ನೆರೆಯವರೆಂದು ಶೆಟ್ಟರನ್ನೂ ಕರೆದಿದ್ದೆವು. ನಾನು ಸಾಕ್ಷಿ ಹೇಳಿದೆ. ಒಂದು ದಿನವೂ ತಪ್ಪಲಿಲ್ಲ, ದೇವರು ತೀರಾ ಹತ್ತಿರವಿದ್ದಂತೆ ಅನಿಸುತ್ತದೆ ಎಂದೆ. "ಸತ್ಯ ಮಾರಾಯ್ರೆ, ನಾನೇ ನೋಡಿದ್ದೇನೆ" ಎಂದರು ಶೆಟ್ಟರು. ಆಮೇಲೆ ಪಾಸ್ಟರು ಯಾರಿಗಾದರೂ ಪ್ರಾರ್ಥನೆಯ ಅಗತ್ಯವಿದೆಯೇ ಎಂದು ಕೇಳಿದಾಗ, ಮೊದಲು ಬಾಯಿ ತೆರೆದವರೂ ಅವರೇ. "ನನ್ನ ಮೊಣಗಂಟಿಗೊಂದು ಮಾಡಿ ಅಯ್ಯನವರೇ. ಒಂದು ತಿಂಗಳಾಯ್ತು, ನಿಂತ್ರೆ ಜೀವ ಹೋಗ್ತದೆ." ಪಾಸ್ಟರು ಹಿಗ್ಗಿ, "ಇದನ್ನು ನಮ್ಮ ಸಂಜೀವಣ್ಣನೇ ಮಾಡಲಿ, ಅವರಿಗೀಗ ಅಭ್ಯಾಸವಾಗಿದೆ" ಎಂದು ನನ್ನತ್ತ ನೋಡಿದರು. ಎಲ್ಲರೂ ತಲೆ ತಗ್ಗಿಸಿದರು. ನಾನು ಶೆಟ್ಟರ ಮೊಣಗಂಟಿನತ್ತ ನೋಡಲು ನಾಚಿ ಕಣ್ಣು ಮುಚ್ಚಿಕೊಂಡೆ. "ದೇವರೇ, ಶೆಟ್ಟರಿಗೆ ಕೂರಲು ಜಾಗ ಸಿಗಲಿ" ಎಂದೆ, ಅಷ್ಟೇ. ಇಷ್ಟು ಚಿಕ್ಕ ಪ್ರಾರ್ಥನೆ ಕೇಳಿ ಸುಗುಣಾ ಒಂದು ಕಣ್ಣು ತೆರೆದು ನೋಡಿದಳು.

ಮರುದಿನ ಹಾರಿ ಹತ್ತಿ ಸೀಟು ಹಿಡಿದು ಶೆಟ್ಟರನ್ನು ಕೂರಿಸಿದೆ. "ಇವತ್ತು ಪ್ರಾರ್ಥನೆ?" ಎಂದರು. ನಿಂತೇ ಮಾಡುತ್ತೇನೆಂದೆ. "ಹಾಗಾದ್ರೆ ಮುಂಬ್ರಾದಲ್ಲಿ ನಾನು ಏಳ್ತೇನೆ" ಎಂದು ಹೇಳಿ ಅವರು ಕೈಜೋಡಿಸಿ ಕಣ್ಣು ಮುಚ್ಚಿದರು. ಮುಂಬ್ರಾ ಬಂತು, ಹೋಯಿತು. ಶೆಟ್ಟರ ರೆಪ್ಪೆ ಅಲುಗಲಿಲ್ಲ. ಅವರು ಯಾವ ದೇವರೊಡನೆ ಮಾತಾಡುತ್ತಿದ್ದರೋ ತಿಳಿಯದು. ಆದರೆ ಮುಂಬ್ರಾ ಬಂದದ್ದು ಅವರಿಗೆ ಕೇಳಿಸಿತ್ತು ಎಂದು ಮಾತ್ರ ನಾನು ಎಲ್ಲಿ ಬೇಕಾದರೂ ಸಾಕ್ಷಿ ಹೇಳಬಲ್ಲೆ.