ಮೂರು ದಿನ ಹಿಡಿದ ಮೈಕು

ನಂಬಲ್ಲ ಅಂದ್ರ ಬಿಡ್ರಿ, ಸಿಂಧನೂರಿನ ಯಾವ ಆಟೋದವನನ್ನಾದರೂ ಕೇಳ್ರಿ. ನಮ್ಮ ಕಡೆ ಬಾಯಿ ತೆರೆದರೆ ಸಾಕು, ನಿಮ್ಮ ಊರು, ನೌಕರಿ, ಯೋಗ್ಯತೆ ಎಲ್ಲಾನೂ ಎದುರಿನವರೇ ನಿಕ್ಕಿ ಮಾಡಿಬಿಡುತ್ತಾರೆ. ನನಗಂತೂ ಸಾಲಾಗಿ ಮೂರು ದಿನ ಹಿಂಗೇ ಆಯಿತು.

ಸಿಂಧನೂರಿನಲ್ಲಿ ಹೊಸ ಸೀರೆ ಅಂಗಡಿ. ಆಟೋದಲ್ಲಿ ಮೈಕ್ ಹಿಡಿದು ಕೂಗಲು ಆಳು ಬೇಕಿತ್ತು. ನಮ್ಮೂರು ವಳಕಮದಿನ್ನಿಯಲ್ಲಿ ನನ್ನಂಥ ಗಂಟಲು ಇನ್ನೊಂದಿಲ್ಲ. ಸಾವುಕಾರರು, "ಮೂರು ದಿನ ನೋಡ್ತೀನಿ. ಮಂದಿ ಬಂದ್ರ ನೌಕರಿ ಕಾಯಂ" ಅಂದರು. ನಾನು ಅವತ್ತೇ ಊರಿಗೆಲ್ಲ ಕಾಯಂ ಆಗೇತಿ ಅಂತ ಹೇಳಿಬಿಟ್ಟೆ.

ಲಿಂಗಸುಗೂರು ಕಡೆ

ಮೊದಲ ದಿನ ಅಚ್ಚ ಪುಸ್ತಕದ ಕನ್ನಡದಲ್ಲಿ ಕೂಗಿದೆ. "ಆತ್ಮೀಯ ಬಂಧುಗಳೇ, ತಮ್ಮೆಲ್ಲರ ಗಮನಕ್ಕೆ..."

ಅಷ್ಟೇ. ಹಳ್ಳಿ ಗಪ್‌ಚಿಪ್! ಮಾಳಿಗೆ ಮೇಲೆ ನಾಲ್ಕು ಮಂದಿ ಬಿದಿರುಗೋಲು ಹಿಡಿದು ಓಡಿದರು. ಕರೆಂಟ್ ಆಫೀಸಿನ ಸಾಹೇಬ ಬಂದ ಅಂತ, ಕಂಬದ ತಂತಿಗೆ ಕದ್ದು ಹಾಕಿದ್ದ ಕೊಕ್ಕಿ ವೈರುಗಳನ್ನು ದಬದಬ ಕಿತ್ತರು. ಮುದುಕಿಯೊಬ್ಬಳು ಕೈಮುಗಿದಳು: "ಸಾಹೇಬ್ರ, ನಮ್ಮ ಮನ್ಯಾಗ ಒಂದಾ ಬಲ್ಬ್ ಐತ್ರಿ."

"ಯಮ್ಮಾ, ನಾ ಸೀರಿ ಅಂಗಡ್ಯಾವ!"

"ಸುಳ್ಳು ಹೇಳಬ್ಯಾಡ್ರಿ. ಸೀರಿ ಮಾರೋರು ಹಿಂಗ ಮಾತಾಡ್ತಾರೇನು?"

ಸುಡು ಮಧ್ಯಾಹ್ನ, ಇಡೀ ಓಣಿಯ ಫ್ಯಾನುಗಳು ನಿಂತವು. ಶಾಪ ಮಾತ್ರ ನನಗೆ.

ಮಸ್ಕಿ

ಎರಡನೇ ದಿನ ನಮ್ಮ ಊರ ಮಾತೇ ಹಚ್ಚಿದೆ. "ಯವ್ವಾ, ಯಕ್ಕಾ, ಚಿಗವ್ವಾ, ಲಗೂನ ಬರ್ರಿ!"

ಹೆಂಗಸರು ಓಡೋಡಿ ಬಂದರು. ಎದೆ ಉಬ್ಬಿತು. ನೋಡಿದರೆ ಎಲ್ಲರ ಕಂಕುಳಲ್ಲೂ ಹಳೆ ಬಟ್ಟೆಯ ಗಂಟು!

"ಇದಕ್ಕ ಏನ್ ಕೊಡ್ತಿ? ಬಕೀಟೋ, ಬೋಗಾಣಿಯೋ?"

"ಎಸಿ ಹಾಕಿದ ಅಂಗಡಿಬೇ ನಮ್ದು!"

"ನಿನ್ನ ಬಾಯಿ ಕೇಳಿದ್ರಾ ಗೊತ್ತಾಗತೈತಿ ಬಿಡು ಎಂಥಾ ಎಸಿ ಅಂತ."

ಆಟೋ ಡ್ರೈವರ್ ಕಾಕಾ ಮುಸಿಮುಸಿ ನಗುತ್ತ, "ಲೇ ತಮ್ಮಾ, ಒಂದು ಬೋಗಾಣಿ ನನಗೂ ಇಡು" ಅಂದ.

ಆರ್.ಎಚ್. ಕ್ಯಾಂಪ್

ಕೊನೆಯ ದಿನ. ಸಾವುಕಾರರೇ ಬೈಕಿನಲ್ಲಿ ಹಿಂದೆ ಬಂದರು. ಇವತ್ತು ಕೆಟ್ಟರೆ ನೌಕರಿ ಹೋಯಿತು. ಹಿಂದೆ ನಿರಾಶ್ರಿತರಾಗಿ ಬಂದು ನೆಲೆಸಿದ ಬಂಗಾಲಿ ಮಂದಿಯ ಕ್ಯಾಂಪು, ಇವರಿಗೆಲ್ಲಿಯ ಕನ್ನಡ ಅಂತ ಪೂರಾ ಹಿಂದಿಯಲ್ಲೇ ಶುರುಮಾಡಿದೆ. "ಭಾಯಿಯೋ ಔರ್ ಬಹನೋ..." ಕೈ ಬೀಸಿದೆ, ಸೆರಗು ಹೊದ್ದು ತೋರಿಸಿದೆ, ಕುಣಿಯುವುದೊಂದು ಬಾಕಿ.

ಬಂಗಾಲಿ ಮುತ್ತೈದೆಯರ ಬಿಳಿ ಶಂಖದ ಶಾಖಾ ಬಳೆ ತೊಟ್ಟ ಹೆಂಗಸೊಬ್ಬಳು ಭತ್ತದ ಗದ್ದೆಯಿಂದ ಬರುತ್ತಿದ್ದವಳು ನಿಂತು, ಮರುಕದಿಂದ ನೋಡಿದಳು.

"ಯಾಕೋ ತಮ್ಮಾ, ನಿನಗ ಕನ್ನಡ ಬರಂಗಿಲ್ಲೇನು?"

ನನ್ನ ಕೈ ಗಾಳಿಯಲ್ಲೇ ನಿಂತಿತು. "ನಾ... ನಾ ವಳಕಮದಿನ್ನ್ಯಾವ!"

"ಮತ್ತ ಯಾಕ ಹಿಂಗ ಒದ್ದಾಡಾಕತ್ತಿ? ನಾ ಹುಟ್ಟಿದ್ದಾ ಇಲ್ಲಿ. ಕೊಡಿಲ್ಲಿ."

ಮೈಕ್ ಕಸಿದುಕೊಂಡಳು. ಮೊದಲು ಬಂಗಾಲಿ, ಆಮೇಲೆ ನಮ್ಮ ಕನ್ನಡ, ನಡುವೆ ಗದ್ದೆಯ ಆಳುಗಳಿಗೆ ನಾಲ್ಕು ಮಾತು ತೆಲುಗು. "ಯಕ್ಕಾ, ಸೀರಿ ನೋಡಾಕ ರೊಕ್ಕ ಕೇಳಂಗಿಲ್ಲ, ಎಸಿ ಗಾಳಿ ಪುಕ್ಕಟೆ ಐತಿ, ನಡೀರಿ!" ಸಂಜೆಗೆ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ.

ಸಾವುಕಾರರು ನನ್ನನ್ನು ದಾಟಿ, ಮಂದಿ ಜೊತೆ ಬಂದಿದ್ದ ಆಕೆಯ ಹತ್ತಿರ ಹೋದರು. "ಯವ್ವಾ, ನಾಳೆ ಎಷ್ಟಕ್ಕ ಬರ್ತಿ?"

"ಎಂಟಕ್ಕ ಬರ್ತೀನ್ರಿ. ಈ ಹುಡುಗನ್ನ ಬಿಡಬ್ಯಾಡ್ರಿ, ಪಾಪ, ಮಾತು ಬರದಿದ್ರೂ ಕೈಯಿ ಚುರುಕದಾವ."

ನನ್ನ ನೌಕರಿ ಕಾಯಂ ಆಯಿತು. ಮೈಕು ಆಕೆಗೆ ಕೊಟ್ಟರು. ನನಗೆ ಹಂಚಲು ಕರಪತ್ರದ ಕಟ್ಟು ಕೊಟ್ಟರು.