ನಮ್ಮ ಕಾಕಾನ ಗಲ್ಲಿ ಪಿಚ್ಚರ್

ಸಿನೆಮಾ ವಿಮರ್ಶಕರಲ್ಲಿ ಎರಡೇ ಜಾತಿ ಎಂದು ನಾನು ಬಹಳ ದಿನ ನಂಬಿದ್ದೆ. ಸಿನೆಮಾ ನೋಡಿ ಬೈಯುವವರು, ನೋಡದೆಯೇ ಬೈಯುವವರು. ನಮ್ಮ ಕಾಕಾ ನಮ್ಮ ಮನೆಗೆ ಬಂದಿಳಿದ ಮೇಲೆ ಮೂರನೆಯದೂ ಒಂದಿದೆ ಎಂದು ಗೊತ್ತಾಯಿತು. ಇವರು ಸಿನೆಮಾದಲ್ಲಿ ನಾಯಕನನ್ನು ನೋಡುವುದಿಲ್ಲ, ನಾಯಕಿಯನ್ನಂತೂ ಇಲ್ಲವೇ ಇಲ್ಲ. ಗೋಡೆ ನೋಡುತ್ತಾರೆ! ಗೋಡೆ ಸರಿ ಇದ್ದರೆ ಚಿತ್ರ ಒಳ್ಳೆಯದು, ಗೋಡೆ ತಪ್ಪಿದರೆ ಚಿತ್ರ ಕೆಟ್ಟದ್ದು. ಇಂಥವರ ಜೊತೆ ಕೂತು ಆರು ತಿಂಗಳು ಸಿನೆಮಾ ನೋಡಿದ ನನಗೆ ಯಾರಾದರೂ ಕರೆದು ಒಂದು ಶಾಲು ಹೊದಿಸಬಾರದೇ?

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಮದುವೆಯಾಗಲಿಲ್ಲ. ಬೆಳಗಾವಿಯ ವಡಗಾವಿಯಲ್ಲಿ ಪೋಸ್ಟ್‌ಮನ್ ಆಗಿದ್ದು ನಿವೃತ್ತರಾದವರು. ವಡಗಾವಿಯ ಗಲ್ಲಿಗಳನ್ನು ಕಂಡವರಿಗೆ ಆ ಕೆಲಸ ಎಂಥದೆಂದು ಹೇಳಬೇಕಿಲ್ಲ. ಕಾಣದವರಿಗೆ ಇಷ್ಟು ಹೇಳಿದರೆ ಸಾಕು: ಅಲ್ಲಿ ಎದುರಿನಿಂದ ಎಮ್ಮೆ ಬಂದರೆ ನೀವು ಯಾರದಾದರೂ ಮನೆಯೊಳಗೆ ಹೋಗಿ ನಿಲ್ಲಬೇಕು, ಎಮ್ಮೆಯಂತೂ ಹೋಗುವುದಿಲ್ಲ. ಎರಡೂ ಬದಿಗೆ ಮಗ್ಗದ ಸದ್ದು. ಒಂದು ಗಲ್ಲಿಯ ಹೊಟ್ಟೆಯಿಂದ ಇನ್ನೊಂದು ಗಲ್ಲಿ ಹೊರಟು, ಅದು ಯಾರದೋ ಹಿತ್ತಲಿಗೆ ಹೋಗಿ ಮುಗಿದುಬಿಡುತ್ತದೆ. ಇಡೀ ನೌಕರಿಯನ್ನು ಅಲ್ಲೇ ಟಪಾಲು ಹಂಚುತ್ತ ಕಳೆದ ಕಾಕಾ, ಅಂಥದೇ ಒಂದು ಗಲ್ಲಿಯ ಕೊನೆಯಲ್ಲಿ ಎರಡು ಖೋಲಿಯ ಮನೆ ಮಾಡಿಕೊಂಡು ಆರಾಮವಾಗಿದ್ದರು.

ಆರಾಮವಾಗಿರಲು ಬಿಡದವನು ನಾನು. ಕಣ್ಣಿನ ಡಾಕ್ಟರು ಕಾಕಾನನ್ನು ಪರೀಕ್ಷಿಸಿ ಅವರ ಎದುರಿಗೇ ನನಗೆ, "ಬಾಜೂದ ನೋಟ ಪೂರಾ ಹೋಗೇತ್ರಿ. ನಟ್ಟನಡುವ ಸ್ವಲ್ಪ ಉಳದೈತಿ. ಅದೂ ಹೋಗೂದ. ಯಾವಾಗ ಅಂತ ಹೇಳಾಕ ಬರೂದಿಲ್ಲ," ಎಂದರು. ಅಂದೇ ನಾನು ವಡಗಾವಿ ಮನೆಗೆ ಕೀಲಿ ಹಾಕಿ, ಚಾವಿಯನ್ನು ನನ್ನ ಗಾಡಿಯ ಚಾವಿಯ ಗೊಂಚಲಿಗೆ ಸೇರಿಸಿ, ಕಾಕಾನನ್ನು ಊರ ಹೊರಗಿನ ಪೀರನವಾಡಿಯ ನನ್ನ ಹೊಸ ಮನೆಗೆ ಕರೆತಂದೆ. ಮರುದಿನದಿಂದಲೇ ನಮ್ಮಿಬ್ಬರ ನಿತ್ಯದ ಸಂಭಾಷಣೆ ಶುರುವಾಯಿತು.

"ತಮ್ಮಾ, ನನ್ನ ಮನಿ ಚಾವಿ ಕೊಡು."

"ಒಬ್ಬರ ಇರಾಕ ಆಗೂದಿಲ್ಲರಿ ಕಾಕಾ."

"ಹಂಗಾರ ಒಂದು ಗಲ್ಲಿ ಪಿಚ್ಚರ್ ಹಚ್ಚು."

ಗಲ್ಲಿ ಪಿಚ್ಚರ್ ಎಂದರೆ ಯಾರಾದರೊಬ್ಬರು ಒಳಗೆ ಹೊಕ್ಕು ಹೊರಗೆ ಬರಲಾಗದೆ ಸುತ್ತುವ ಸಿನೆಮಾ. ಸುರಂಗ, ಕೋಟೆ, ನೂರು ಬಾಗಿಲಿನ ಬಂಗಲೆ, ಗಿಡಗಳನ್ನೇ ಗೋಡೆಯಂತೆ ಬೆಳೆಸಿದ ತೋಟ, ಯಾವುದಾದರೂ ನಡೆಯುತ್ತದೆ. ಇಂಥ ಸಿನೆಮಾ ಇಷ್ಟೊಂದಿವೆ ಎಂದು ನನಗೆ ಗೊತ್ತೇ ಇರಲಿಲ್ಲ! ನಾನು ಖಾನಾಪುರದ ಕಾಲೇಜಿನಲ್ಲಿ ಪಾಠ ಹೇಳುವವನು. ಅಲ್ಲಿನ ವಿದ್ಯಾರ್ಥಿಗಳು ಪ್ರತಿ ವಾರ ಒಂದು ಪೆನ್‌ಡ್ರೈವ್ ತುಂಬಿ ಕೊಡುತ್ತಿದ್ದರು. ಕೊಟ್ಟವರ ತಲೆಯ ಮೇಲೆ ಕೈಯಿಟ್ಟು ಹರಸಬೇಕೋ ಕಿವಿ ಹಿಂಡಬೇಕೋ ತಿಳಿಯುತ್ತಿರಲಿಲ್ಲ.

ಕಾಕಾ ಸೋಫಾ ಬಿಟ್ಟು, ಟಿವಿಯಿಂದ ಒಂದು ಗೇಣು ದೂರದಲ್ಲಿ ಸ್ಟೂಲು ಹಾಕಿಕೊಂಡು ಕೂರುವರು. ಅವರ ತಲೆಯ ಸುತ್ತ ಕಾಣುವಷ್ಟು ಸಿನೆಮಾ ನನಗೆ. ತಿರುವು ಬಂದಾಗಲೆಲ್ಲ "ನಿಂದರ್ಸು!" ಎಂದು ಕೂಗುವರು. ನಾನು ನಿಲ್ಲಿಸಬೇಕು. "ಎಡಕ್ಕ ಏನೈತಿ? ಬಲಕ್ಕ? ಮ್ಯಾಲ ಬೆಳಕು ಬರತೈತೇನು?" ನಾನು ಹೇಳಬೇಕು. ಎರಡು ತಾಸಿನ ಸಿನೆಮಾ ಮುಗಿಯಲು ಮೂರು ದಿನ! ನಾಯಕಿಯ ಕೊರಳಿಗೆ ಖಳನಾಯಕ ಚಾಕು ಹಿಡಿದಿದ್ದರೆ ಆ ಚಾಕು ನಮ್ಮ ಮನೆಯಲ್ಲಿ ಸೋಮವಾರದಿಂದ ಬುಧವಾರದವರೆಗೆ ಹಾಗೆಯೇ ಇರುತ್ತಿತ್ತು.

ಅವರ ವಿಮರ್ಶೆಗೆ ತತ್ವ ಒಂದೇ. ಅದು ಟಪಾಲಿನ ಚೀಲ ಹೊತ್ತು ಕಲಿತದ್ದು.

"ಗಲ್ಲಿ ಹೊಕ್ಕ ಕೂಡಲೇ ಎಡಗೈ ಗ್ವಾಡಿಗಿ ಹಚ್ಚಬೇಕು. ಗ್ವಾಡಿ ಹೊಳ್ಳಿದಲ್ಲಿ ಹೊಳ್ಳಬೇಕು. ನಡುವ ಕೈ ಬಿಡಬಾರದು. ಹಿಂಗ ಹೋದ್ರ ಒಂದು ಮನಿ ಬಿಟ್ಟು ಹೋಗೂದಿಲ್ಲ, ಕಡೀಕ ಹೊಕ್ಕಲ್ಲೇ ಬಂದು ನಿಂದರ್ತೀವಿ. ಇಷ್ಟು ತಿಳೀಲಾರದಂವ ಹೀರೋ ಹೆಂಗಾದ?"

ಗೋಡೆಗೆ ಕೈ ಹಚ್ಚಿದ ಒಬ್ಬನೇ ಒಬ್ಬ ನಾಯಕ ಆರು ತಿಂಗಳಲ್ಲಿ ಸಿಗಲಿಲ್ಲ. ಎಲ್ಲರೂ ಓಡುವವರೇ! ಕಾಕಾ ತಮ್ಮ ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು, ಒಂದು ಕಡೆ ಸಿನೆಮಾದ ಹೆಸರು, ಇನ್ನೊಂದು ಕಡೆ ಷರಾ ಬರೆಯುತ್ತಿದ್ದರು. ಪತ್ರಿಕೆಯವರ ನಕ್ಷತ್ರಗಳೆಲ್ಲ ಇಲ್ಲಿಲ್ಲ. ಕೊಡಲಾಗದೆ ವಾಪಸಾದ ಪತ್ರದ ಮೇಲೆ ಏನು ಬರೆಯುತ್ತಿದ್ದರೋ ಅದೇ. 'ವಿಳಾಸ ಅರ್ಧಾ ಐತಿ.' 'ಮನಿ ಕೀಲಿ ಹಾಕೈತಿ.' 'ಹೊಳ್ಳಿ ಕಳಿಸಬೇಕು.' ಪತ್ರ ಸರಿಯಾಗಿ ಸೇರಿದರೆ ಬರೆಯುವ 'ಮುಟ್ಟೇತಿ' ಎಂಬ ಷರಾ ಆ ನೋಟ್‌ಬುಕ್ಕಿನಲ್ಲಿ ಒಂದು ಸಿನೆಮಾಕ್ಕೂ ಬಿದ್ದಿರಲಿಲ್ಲ.

ಒಮ್ಮೆ ಗಿಡದ ಗೋಡೆಗಳ ತೋಟದಲ್ಲಿ ಗಂಡ ಹೆಂಡತಿ ಕಳೆದುಹೋಗುವ ಸಿನೆಮಾ ಹಚ್ಚಿದೆ. ಇಬ್ಬರೂ ಅಳುತ್ತಾರೆ, ಹಳೆಯ ತಪ್ಪುಗಳನ್ನೆಲ್ಲ ಒಪ್ಪಿಕೊಳ್ಳುತ್ತಾರೆ, ಕೊನೆಗೆ ಅಪ್ಪಿಕೊಳ್ಳುತ್ತಾರೆ. ನನ್ನ ಹೆಂಡತಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಎರಡನೇ ತಿರುವಿನ್ಯಾಗ ಒಂದು ಕುರ್ಚೆ ಇತ್ತಲ್ಲ, ಅದ ಕುರ್ಚೆ ಆರನೇ ತಿರುವಿನ್ಯಾಗೂ ಐತಿ," ಎಂದರು ಕಾಕಾ. "ಒಂದ ಗಲ್ಲಿ ಎರಡು ಸಲ ತೋರಸ್ಯಾರ. ಮೋಸ! ಹೊಳ್ಳಿ ಕಳಿಸಬೇಕು."

ಇನ್ನೊಮ್ಮೆ, ಪುಣ್ಯ ಬರಲಿ ಎಂದು ಹಳೆಯ ಪೌರಾಣಿಕ ಚಿತ್ರವೊಂದನ್ನು ಹಚ್ಚಿದೆ. ಅದರಲ್ಲಿ ಚಕ್ರವ್ಯೂಹ ಇತ್ತು. ಇಷ್ಟು ದೊಡ್ಡ ಸಿಕ್ಕಿನ ದಾರಿ ಇನ್ನೆಲ್ಲಿ ಸಿಗಬೇಕು! ಕಾಕಾ ಹತ್ತೇ ನಿಮಿಷದಲ್ಲಿ ಸ್ಟೂಲು ಹಿಂದಕ್ಕೆ ಸರಿಸಿದರು. "ಇಲ್ಲಿ ಗ್ವಾಡಿ ಎಲ್ಲೈತೋ? ಬರೇ ಮಂದೀನ ನಿಂದರ್ಸ್ಯಾರ. ಮಂದಿಗಿ ಕೈ ಹಚ್ಚಿದ್ರ ಹೊಡೀತಾರ. ಇದು ಗಲ್ಲಿ ಪಿಚ್ಚರ್ ಅಲ್ಲ. ಚಾವಿ ಕೊಡು."

ಸಿನೆಮಾದ ತತ್ವ ಟಿವಿಯಲ್ಲೇ ಇದ್ದಿದ್ದರೆ ನಾನು ಸಹಿಸುತ್ತಿದ್ದೆ. ಅದು ನಮ್ಮ ಗೋಡೆಗೂ ಇಳಿಯಿತು. ಕಾಕಾ ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಚ್ಚಲಿಗೆ ಎಡಗೈ ಗೋಡೆಗೆ ಹಚ್ಚಿಕೊಂಡೇ ಓಡಾಡುತ್ತಿದ್ದರು. ಅವರ ಕೋಣೆಯಿಂದ ಬಚ್ಚಲು ಬಲಕ್ಕೆ ನಾಲ್ಕು ಹೆಜ್ಜೆಯಷ್ಟೇ ಇದೆ. ಇವರು ನಿಯಮ ಮುರಿಯದೆ, ದೇವರ ಕೋಣೆ, ಪಡಸಾಲೆ, ಶೂ ಇಡುವ ಜಾಗ ಎಲ್ಲ ಸುತ್ತಿ ಬಚ್ಚಲು ಮುಟ್ಟುವರು! ಎರಡು ತಿಂಗಳಲ್ಲಿ ಹೊಸ ಕೆನೆಬಣ್ಣದ ಗೋಡೆಯ ಮೇಲೆ, ಎದೆಮಟ್ಟದಲ್ಲಿ, ಮನೆತುಂಬ ಒಂದು ಕಪ್ಪು ಗೆರೆ ಮೂಡಿತು.

"ಇದೇನು ಮನೀನೋ, ಲೋಂಡಾಕ್ಕ ಹೋಗೂ ರೈಲ್ವೆ ಲೈನೋ?" ಎಂದಳು ಹೆಂಡತಿ. "ನಿಮ್ಮ ಕಾಕಾ ಅವರಿಗಿ ನೀವ ಹೇಳ್ರಿ. ನಾ ಹೇಳಿದ್ರ ಚಂದ ಕಾಣೂದಿಲ್ಲ."

ಹೇಳಿದೆ. "ನಿಮ್ಮ ಮನಿ ಗ್ವಾಡಿ ಚಲೋ ಅದಾವು," ಎಂದು ಕಾಕಾ ಶಿಫಾರಸು ಕೊಟ್ಟರು. "ಎಲ್ಲೂ ಮೋಸ ಇಲ್ಲ."

ಇಷ್ಟಾದರೂ ಬುದ್ಧಿ ಬರಬೇಕಲ್ಲ ನನಗೆ! ಖಾನಾಪುರದ ನಮ್ಮ ಕಾಲೇಜಿನಲ್ಲಿ ಸಿನೆಮಾ ತೋರಿಸಿ ಚರ್ಚೆ ಮಾಡುವ ಸಂಘವೊಂದಿದೆ. ಆ ತಿಂಗಳು, ನೂರು ಬಾಗಿಲಿನ ವಾಡೆಯೊಳಗೆ ಪೊಲೀಸನೊಬ್ಬ ಸಿಕ್ಕಿಹಾಕಿಕೊಳ್ಳುವ ಸಿನೆಮಾ ಇಟ್ಟಿದ್ದರು. ಮುದುಕರಿಗೆ ಬದಲಾವಣೆಯಾಗಲಿ ಎಂದು ಕಾಕಾನನ್ನು ಕರೆದುಕೊಂಡು ಹೋದೆ. ಸಿನೆಮಾ ಮುಗಿದ ಮೇಲೆ ನಮ್ಮ ಸಹೋದ್ಯೋಗಿ ಮೇಡಂ ಒಬ್ಬರು ಎದ್ದು, ಈ ವಾಡೆ ನಿಜವಾದ ವಾಡೆಯಲ್ಲ, ಮನುಷ್ಯನ ಮನಸ್ಸು ಎಂದು ಅರ್ಧ ತಾಸು ಬಹಳ ಚೆನ್ನಾಗಿ ಮಾತಾಡಿದರು. ಕಾಕಾ ಕೈ ಎತ್ತಿದರು.

"ಮನಸ್ಸಿಗಿ ಮನಿ ನಂಬರ ಇರೂದಿಲ್ಲರಿ ಮೇಡಂ. ಇದಕ್ಕ ಐತಿ. ಹದಿನಾಕು. ನಾ ನೋಡೀನಿ."

ಸಭೆ ನಕ್ಕಿತು. ನಾನು ಕುರ್ಚಿಯೊಳಗೆ ಆದಷ್ಟು ಕೆಳಗೆ ಜಾರಿದೆ. ನಗು ಕೇಳಿದ ಕಾಕಾ ಎದ್ದೇ ನಿಂತರು.

"ಆ ಪೊಲೀಸ ಮೂರು ತಾಸು ತಿರಗ್ಯಾನ. ಅಡಗಿ ಮಾಡೂ ಹೆಣ್ಮಗಳು ಒಬ್ಬಾಕಿ ಅಲ್ಲೇ ಅದಾಳ. 'ಯವ್ವಾ, ಹೊರಗ ಹೋಗೂ ಹಾದಿ ಯಾವುದು' ಅಂತ ಒಂದು ಮಾತು ಕೇಳಿದ್ರ ಅವನ ಗಂಟೇನು ಹೋಗ್ತಿತ್ತು? ಹಾದಿ ತಪ್ಪೂದು ತಪ್ಪಲ್ಲ. ನಾಚಿಕೊಂಡು ಕೇಳದ ಇರೂದು ತಪ್ಪು. ಕೇಳಾಕ ಯಾರೂ ಇರದಿದ್ರ, ಎಡಗೈ ಗ್ವಾಡಿಗಿ!"

ಹಿಂದಿನ ಸಾಲಿನ ಮರಾಠಿ ಹುಡುಗರಿಗೆ ತಿಳಿಯಲಿಲ್ಲವೇನೋ ಎಂದು ಅವರ ಕಡೆ ತಿರುಗಿ ಅದನ್ನೇ ಮರಾಠಿಯಲ್ಲಿ ಹೇಳಿದರು, "ಡಾವಾ ಹಾತ್ ಭಿಂತೀಲಾ!" ಹುಡುಗರು ಅದನ್ನೇ ಘೋಷಣೆ ಮಾಡಿಕೊಂಡರು. ಮರುದಿನ ಕಾಲೇಜಿನ ವರಾಂಡದಲ್ಲಿ ನನ್ನನ್ನು ಕಂಡ ಕಂಡವರೆಲ್ಲ ಎಡಗೈ ಗೋಡೆಗೆ ಹಚ್ಚಿ ಸಾಲಾಗಿ ನಡೆಯತೊಡಗಿದರು. ಪ್ರಿನ್ಸಿಪಾಲರು ನನ್ನನ್ನು ಕರೆಸಿ ಗಂಭೀರವಾಗಿ ಕೇಳಿದರು, "ಇದು ಯಾವ ಹೊಸಾ ಚಳವಳಿರಿ ಸರ? ಬೇಡಿಕಿ ಏನು?"

ಅಂದು ಸಂಜೆ ಮನೆಗೆ ಬಂದಾಗ ಕಾಕಾ ಬಾಗಿಲಲ್ಲೇ, "ಚಾವಿ ಕೊಡ್ತೀಯೋ, ಪಿಚ್ಚರ್ ಹಚ್ತೀಯೋ?" ಎಂದರು. ನನ್ನ ತಾಳ್ಮೆ ಹರಿಯಿತು.

"ಡಾಕ್ಟರ ಏನಂದಾರ ಗೊತ್ತೈತಿಲ್ಲರಿ? ಇರೂದ ಇಷ್ಟು ಕಣ್ಣು! ನೋಡಾಕ ಜಗತ್ತಿನ್ಯಾಗ ಏನೆಲ್ಲಾ ಐತಿ. ಮಂದಿ ಮಾರಿ ನೋಡ್ರಿ, ಗಿಡಾ ಮರಾ ನೋಡ್ರಿ. ಅದನ್ನ ಬಿಟ್ಟು ಗ್ವಾಡಿ ನೋಡಿ ನೋಡಿ ಕಣ್ಣು ಖಾಲಿ ಮಾಡ್ತೀರಲ್ಲರಿ ಕಾಕಾ!"

ಹೇಳಬಾರದಿತ್ತು. ಕಾಕಾ ಗೋಡೆ ಹಿಡಿದು, ದೇವರ ಕೋಣೆ ಪಡಸಾಲೆ ಎಲ್ಲ ಸುತ್ತಿ ತಮ್ಮ ಕೋಣೆ ಸೇರಿದರು. ಆಮೇಲೆ ಒಂದು ವಾರ ಸಿನೆಮಾ ಕೇಳಲಿಲ್ಲ, ಚಾವಿಯನ್ನೂ ಕೇಳಲಿಲ್ಲ. ನನಗೆ ಬೇಕಾಗಿದ್ದ ಶಾಂತಿ ಮನೆಗೆ ಬಂತು. ಅದು ಇಷ್ಟು ಕೆಟ್ಟದಾಗಿರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ.

ಶನಿವಾರ ಮಧ್ಯಾಹ್ನ ಕಾಲೇಜಿನಿಂದ ಹೊರಡುವಾಗ ಹೆಂಡತಿಯ ಫೋನು. "ಮಾವಾರು ಮನ್ಯಾಗ ಇಲ್ಲರೀ! ಅಂಗಳದಾಗ ಕುಂತಿದ್ರು. ನಾ ಬಟ್ಟಿ ಒಣಹಾಕಿ ಬರೂದ್ರಾಗ ಇಲ್ಲ!"

ಎಲ್ಲಿಗೆ ಹೋಗಿರುತ್ತಾರೆ ಎಂದು ಕೇಳಬೇಕೇ? ಖಾನಾಪುರದಿಂದ ವಡಗಾವಿಗೆ ನಾನು ಗಾಡಿ ಹೇಗೆ ಓಡಿಸಿದೆನೋ ನನಗೇ ನೆನಪಿಲ್ಲ. ಬಸ್ಸು, ರಸ್ತೆ, ಎಮ್ಮೆ, ಚರಂಡಿ, ಬೇಡದ್ದೆಲ್ಲ ಕಣ್ಣ ಮುಂದೆ ಬರುತ್ತಿತ್ತು. ಕಾಕಾನ ಮನೆಗೆ ನಾನು ಯಾವಾಗಲೂ ಹೋಗುವ ದೊಡ್ಡ ರಸ್ತೆಯ ದಾರಿಯನ್ನು ಅಂದು ಪೈಪಿಗಾಗಿ ಅಗೆದಿದ್ದರು. ಗಾಡಿ ನಿಲ್ಲಿಸಿ ಪಕ್ಕದ ಗಲ್ಲಿ ಹೊಕ್ಕೆ. ಎಡಕ್ಕೆ ತಿರುಗಿದೆ, ಬಲಕ್ಕೆ ತಿರುಗಿದೆ. ಯಾರದೋ ಹಿತ್ತಲಿಗೆ ಹೋಗಿ ವಾಪಸು ಬಂದೆ. ಬಾಗಿಲಲ್ಲಿ ಚರಕ ತಿರುಗಿಸುತ್ತ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅಜ್ಜಿಯೊಬ್ಬರನ್ನು ದಾಟಿದೆ. ಫೋನಿನ ನಕಾಶೆ ನನ್ನನ್ನು ಒಂದು ಮಗ್ಗದ ಮೇಲೆ ನಿಲ್ಲಿಸಿತ್ತು. ಓಡಿದೆ. ಮತ್ತೆ ಅದೇ ಅಜ್ಜಿ. ಇನ್ನೊಂದು ಗಲ್ಲಿ ಹಿಡಿದು ಇನ್ನೂ ಜೋರಾಗಿ ಓಡಿದೆ. ಮತ್ತೆ ಅಜ್ಜಿ!

ಬಾಲ್ಯದಿಂದ ಬಂದ ಜಾಗ, ಕೇಳುವುದು ಹೇಗೆ ಎಂದು ನಾಚಿಕೆ ಬೇರೆ. ಆಗ ಹೊಳೆಯಿತು: ಕಾಕಾ ಬೈಯುತ್ತಿದ್ದ ಅಷ್ಟೂ ನಾಯಕರ ಸಾಲಿನಲ್ಲಿ ನಾನೂ ನಿಂತಿದ್ದೇನೆ.

"ಯವ್ವಾ, ಟಪಾಲ ಕಾಕಾ ಅವರ ಮನಿ ಎಲ್ಲೈತ್ರಿ?" ಎಂದೆ.

ಅಜ್ಜಿ ಚರಕ ನಿಲ್ಲಿಸಲೂ ಇಲ್ಲ. "ಎಡಗೈ ಗ್ವಾಡಿಗಿ ಹಚ್ಚಿ ಹೋಗೋ ಯಪ್ಪಾ. ಸ್ವಲ್ಪ ಹೊತ್ತಿನ ಹಿಂದ ಅವರೂ ಹಂಗ ಹೋದರು."

ಹಚ್ಚಿದೆ. ಸುಣ್ಣದ ಗೋಡೆ, ಕಲ್ಲಿನ ಗೋಡೆ, ಒಳಗಿನ ಮಗ್ಗದ ಹೊಡೆತಕ್ಕೆ ಸಣ್ಣಗೆ ನಡುಗುವ ಗೋಡೆ. ಕಿಟಕಿ, ಬಾಗಿಲು, ಮತ್ತೆ ಗೋಡೆ. ಕೈ ಬಿಡದೆ ನಡೆದೆ. ನಾಲ್ಕನೆಯ ತಿರುವಿನಲ್ಲಿ ಕಾಕಾನ ಮನೆಯ ಕಟ್ಟೆ ಬಂತು. ಕೀಲಿ ಹಾಕಿದ ಬಾಗಿಲ ಮುಂದೆ, ಆಚೆ ಮನೆಯವರು ಕೊಟ್ಟ ಚಹಾದ ಬಟ್ಟಲು ಹಿಡಿದು, ನೋಟ್‌ಬುಕ್ಕು ತೊಡೆಯ ಮೇಲಿಟ್ಟುಕೊಂಡು ಕಾಕಾ ಕೂತಿದ್ದರು. ನಾನು ಎದುರಿಗೇ ನಿಂತರೂ ನೋಟ ನನ್ನ ಕಡೆ ಬರಲಿಲ್ಲ. ಉಸಿರಿನ ಸದ್ದಿಗೆ ಮುಖ ಎತ್ತಿದರು.

"ಎಷ್ಟು ಸುತ್ತು ಹೊಡದಿ?"

"ಮೂರು."

"ಕೇಳಿದೇನು?"

"ಕಡೀಕ ಕೇಳಿದ್ನಿ." ನಾನು ಪಕ್ಕದಲ್ಲಿ ಕುಸಿದು ಕೂತೆ. "ನೀವು ಒಬ್ಬರ ಹೆಂಗ ಬಂದ್ರಿ ಕಾಕಾ?"

"ಮಂದೀನ ಕೇಳಿದ್ನಿ, ಬಸ್ ಹತ್ತಿಸಿದರು. ಇಳದ ಮ್ಯಾಲ ಗ್ವಾಡಿ ಇತ್ತಲ್ಲ." ಚಹಾದ ಬಟ್ಟಲು ಕೆಳಗಿಟ್ಟು ಹೇಳಿದರು, "ಮಂದಿ ಮಾರಿ ನೋಡ್ರಿ ಅಂದಿದ್ದಿ ಅಲ್ಲೋ. ನಿಮ್ಮ ಮಾರಿ ಎಲ್ಲಾ ನನಗ ಬಾಯಿಪಾಠ ಅದಾವು ತಮ್ಮಾ. ಕತ್ತಲಾದ ಮ್ಯಾಲ ನನಗ ಬೇಕಾಗೂದು ಗ್ವಾಡಿ. ಒಳಗ ಹೊಕ್ಕಾವರು ಎಲ್ಲಿ ಹೆದರತಾರ, ಎಲ್ಲಿ ತಪ್ಪತಾರ, ಇದ್ದ ಕಣ್ಣಿನ್ಯಾಗ ನೋಡಿ ಇಟ್ಕೋಬೇಕಿತ್ತು. ಇಟ್ಕೊಂಡೀನಿ. ಈಗ ಹೆದರಿಕಿ ಇಲ್ಲ."

ಆರು ತಿಂಗಳು ಅವರು ನನ್ನ ಕಣ್ಣೆದುರೇ ಕೂತು ಹೆದರಿದ್ದರು. ನಾನು ರಿಮೋಟು ಹಿಡಿದು ಸಿಡಿಮಿಡಿ ಮಾಡುತ್ತಿದ್ದೆ. ಹೆಂಡತಿಗೆ ಫೋನು ಮಾಡಿ, ಕಾಕಾನನ್ನು ನೋಡಿಕೊಳ್ಳಲು ಆಚೆ ಮನೆಯವರು ಒಪ್ಪಿದ್ದನ್ನು ಹೇಳಿದೆ. ಅವಳು ಅತ್ತು, ಬೈದು, ಕೊನೆಗೆ, "ಆಚೀ ಮನಿಯವರು ನೋಡ್ಕೋತಾರಂದ್ರ ಅಲ್ಲೇ ಇರ್ಲಿ ಬಿಡ್ರಿ. ಇಲ್ಲಿ ಆ ಗೆರಿ ನಾ ಒರಸೂದಿಲ್ಲ. ಹಬ್ಬಕ್ಕ ಬಂದ್ರ ಬೇಕಾಗತೈತಿ," ಎಂದಳು. ಆಚೆ ಮನೆಯವರು ಅಷ್ಟರಲ್ಲಿ ಕಾಕಾನ ರಾತ್ರಿಯ ಊಟಕ್ಕೆ ರೊಟ್ಟಿ ಬಡಿಯಲು ಶುರು ಮಾಡಿಯೇ ಬಿಟ್ಟಿದ್ದರು. ನಾನು ಗೊಂಚಲಿನಿಂದ ಚಾವಿ ಬಿಡಿಸಿ ಕಾಕಾನ ಕೈಗೆ ಕೊಟ್ಟೆ.

ಕಾಕಾ ಅದನ್ನು ತಡವಿ ನೋಡಿ ಕಿಸೆಗೆ ಹಾಕಿಕೊಂಡು, ನೋಟ್‌ಬುಕ್ಕು ನನ್ನ ಕಡೆ ಚಾಚಿದರು.

"ನನಗ ಗೆರಿ ಕಾಣವಲ್ಲವು. ನೀನ ಬರಿ."

"ಯಾವ ಪಿಚ್ಚರ್ ಅಂತ ಬರೀಲಿರಿ?"

"ಪಿಚ್ಚರ್ ಅಲ್ಲ, ನಿನ್ನ ಹೆಸರು ಬರಿ."

ಬರೆದೆ. ಸುಣ್ಣ ಮೆತ್ತಿದ ನನ್ನ ಎಡಗೈಯ ಗುರುತು ಹಾಳೆಯ ಮೇಲೆ ಬಿತ್ತು.

"ಷರಾ ಏನರಿ ಕಾಕಾ?"

"ಮುಟ್ಟೇತಿ ಅಂತ ಬರಿ."