ಭಾವನ ಅಡಗುಪೆಟ್ಟಿಗೆ

"ಗಂಗಾ, ಈಗ ಕಣ್ಣು ಬಿಡು!" ಎಂದರು ಭಾವ.

ಬಿಟ್ಟೆ. ಟೀಪಾಯಿಯ ಮೇಲಿದ್ದ ತಗಡಿನ ಪೆಟ್ಟಿಗೆ ಮಾಯವಾಗಿತ್ತು.

"ಎಲ್ಲೋಯ್ತು?"

"ಅದೇ ನೋಡು ವಿಜ್ಞಾನ! ತನ್ನನ್ನ ತಾನೇ ಬಚ್ಚಿಟ್ಕೊಳ್ಳೋ ಪೆಟ್ಟಿಗೆ! ಪ್ರಪಂಚದಲ್ಲೇ ಮೊದಲು!"

ನಮ್ಮೆಜಮಾನರ ಅಣ್ಣ ಮೃತ್ಯುಂಜಯಪ್ಪ ಸ್ವಯಂ ನಿವೃತ್ತಿ ತೆಗೆದುಕೊಂಡಾಗಿನಿಂದ ತುಮಕೂರಿಗೆ ಒಂದಲ್ಲ ಒಂದು ಉಪಕಾರ ಮಾಡುತ್ತಲೇ ಇದ್ದಾರೆ. ಹೋದ ಸಲದ ರೊಟ್ಟಿ ತಟ್ಟುವ ಯಂತ್ರ ನನ್ನ ಕೆನ್ನೆಗೂ ಒಂದು ಬಿಟ್ಟಿತ್ತು. ಪೆಟ್ಟಿಗೆ ಕೊನೆಗೆ ಒಗೆದ ಬಟ್ಟೆಯ ರಾಶಿಯಲ್ಲಿ ಸಿಕ್ಕಿತು. ತನ್ನೆರಡು ತಗಡಿನ ಕೈಗಳಿಂದ ನಮ್ಮೆಜಮಾನರ ಬನಿಯನ್ ಹೊದ್ದು ಕೂತಿತ್ತು.

"ಅಂಚೆಚೀಟಿ ಸಂಘದವರು ಭಾನುವಾರ ನಿಧಿ ಹುಡುಕೋ ಆಟ ಇಟ್ಟಿದಾರೆ. ಒಗಟು ಬಿಡಿಸ್ಬೇಕು, ಮೊಬೈಲಲ್ಲಿ ಜಾಗ ಹಿಡೀಬೇಕು, ಉತ್ತರ ಹೇಳಿ ಪೆಟ್ಟಿಗೆ ತೆಗೀಬೇಕು. ಜನ ಎಲ್ಲಿ ಕೈ ಹಾಕಲ್ವೋ ಅಲ್ಲಿ ಅವಿತ್ಕೋ ಅಂತ ಇದಕ್ಕೆ ಕಲಿಸಿದೀನಿ!" ಎಂದು ಭಾವ ಮುಚ್ಚಳ ತಟ್ಟಿದರು.

ಪೆಟ್ಟಿಗೆ ಅವರದೇ ದನಿಯಲ್ಲಿ ಕೇಳಿತು: "ಕಾಲು ಮೇಲೆ, ತಲೆ ಕೆಳಗೆ, ಆದ್ರೂ ಗಂಟೆ ತಪ್ಪಲಿಲ್ಲ. ಯಾರು?"

ಕೇಳಿದ್ದೇ ನನಗೆ ಗೊತ್ತಾಯಿತು. ಇದು ಅಪ್ಪನ ಸ್ಟಾಂಪು! ಮಹಾರಾಜರ ಕಾಲದ್ದು, ಅಚ್ಚಿನ ತಪ್ಪಿನಿಂದ ಹಳೇ ಪೇಟೆಯ ಗಡಿಯಾರದ ಗೋಪುರ ತಲೆಕೆಳಗಾಗಿ ಬಿದ್ದದ್ದು. ಅಪ್ಪ ಸ್ಕೂಟರ್ ಮಾರಿದರೂ ಇದನ್ನು ಮಾರಲಿಲ್ಲ. ಕೊನೆಗಾಲದಲ್ಲಿ ನನ್ನ ಕೈಗಿಟ್ಟು, "ಜೋಪಾನ ಮಗಾ" ಎಂದಿದ್ದರು.

"ಭಾವ! ಫೋಟೋ ತೆಕ್ಕೊಂಡು ವಾಪಸ್ ಕೊಡ್ತೀನಿ ಅಂದಿದ್ರಲ್ಲ! ಒಳಗೆ ಅದನ್ನೇ ಇಟ್ಟಿದೀರಾ?"

"ಬೆಲೆ ಬಾಳೋದು ಒಳಗಿಲ್ದಿದ್ರೆ ಅದು ಮನಸ್ಸಿಟ್ಟು ಅವಿತ್ಕೊಳ್ಳಲ್ಲಮ್ಮ!"

"ಈಗ್ಲೇ ತೆಗೀರಿ!" ಎಂದು ನಾನು ಅರಚಿದ್ದೇ ತಪ್ಪಾಯಿತು. ಪೆಟ್ಟಿಗೆ ಬೆದರಿ ಮತ್ತೆ ಮಾಯವಾಯಿತು.

ಭಾನುವಾರ ಸಂಘದವರೆಲ್ಲ ಒಗಟು ಬಿಡಿಸಿ, ಗೋಪುರದ ಸುತ್ತಲಿನ ಚರಂಡಿಯನ್ನೆಲ್ಲ ಕೆದಕಿದರು. ಭಾವನ ಮೊಬೈಲಿನ ಕೆಂಪು ಚುಕ್ಕೆ ಮಾತ್ರ ಪೆಟ್ಟಿಗೆ ನಮ್ಮ ಮನೆಯಲ್ಲೇ ಇದೆಯೆಂದು ತೋರಿಸುತ್ತಿತ್ತು. ಅಟ್ಟ, ಹಿಟ್ಟಿನ ಡಬ್ಬ, ಮಂಚದ ಕೆಳಗೆ ಎಲ್ಲ ಜಾಲಾಡಿದೆವು. ಆದರೆ ಅಂದೇ ಬಟವಾಡಿಯಲ್ಲಿ ಗೆಳತಿ ಸರ್ವಮಂಗಳಮ್ಮನ ಗೃಹಪ್ರವೇಶ, ಹೋಗದಿದ್ದರಾದೀತೇ? ಬೀರುವಿನಿಂದ ಒಂದು ಉಡುಗೊರೆ ಎಳೆದುಕೊಂಡು ಓಡಿದೆ.

ಆ ಬೀರುವಿನ ಬಗ್ಗೆ ಹೇಳಬೇಕು. ನಮಗೆ ಬಂದ ಉಡುಗೊರೆಗಳು ಬಿಚ್ಚದೆ ಅದರೊಳಗೆ ಕೂತಿರುತ್ತವೆ. ಸಮಾರಂಭ ಬಂದಾಗ ಹೆಸರಿನ ಚೀಟಿ ಬದಲಿಸಿದರಾಯಿತು. ಎಲ್ಲರ ಮನೆಯಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ, ಇಲ್ಲ ಎನ್ನುವವರು ಸುಳ್ಳು ಹೇಳುತ್ತಾರೆ.

ಹೋಳಿಗೆ ಬಾಯಿಗಿಡುವಾಗ ಫೋನು.

"ಗಂಗಾ! ಪೆಟ್ಟಿಗೆ ಬಟವಾಡಿಗೆ ಹೋಗಿದೆ!"

"ನಾನೂ ಬಟವಾಡೀಲೇ ಇದೀನಲ್ಲ ಭಾವ…" ಎಂದವಳು ಹೋಳಿಗೆಯನ್ನು ಎಲೆಗೇ ಹಾಕಿದೆ. ನಾನು ತಂದ ಉಡುಗೊರೆಯೇ ಪೆಟ್ಟಿಗೆ! ನಾನೇ ಮಡಚಿಟ್ಟಿದ್ದ ಹಳೇ ಹೂವಿನ ಕಾಗದ ಸುತ್ತಿಕೊಂಡು, ರಿಬ್ಬನ್ನನ್ನೂ ಕಟ್ಟಿಕೊಂಡು, ಅದು ಬೀರುವಿನಲ್ಲಿ ಕೂತಿತ್ತು!

"ಹೋಗಿ ಕೇಳ್ಬಿಡೇ," ಎಂದರು ನಮ್ಮೆಜಮಾನರು.

"ಏನಂತ? ಒಳಗೇನಿದೆ ಅಂತ್ಲೂ ನೋಡ್ದೆ ಕೊಟ್ಟೆ ಅಂತಾನಾ? ಮಾನ ಉಳಿಯುತ್ತಾ?"

ಗೃಹಪ್ರವೇಶದ ಗಲಾಟೆ ಮುಗಿದು ವಾರವಾದ ಮೇಲೆ ಅವರ ಮನೆಗೆ ಹೋಗಿ ಮೆಲ್ಲಗೆ ವಿಚಾರಿಸಿದೆ. "ನಮ್ಮ ಉಡುಗೊರೆ ಹಿಡಿಸ್ತಾ ರೀ?"

"ಅಯ್ಯೋ, ಎಷ್ಟು ಚೆನ್ನಾಗಿದೆ!" ಎಂದರು ಸರ್ವಮಂಗಳಮ್ಮ. "ದಿನಾ ಅದ್ರಲ್ಲೇ ಕಾಫಿ ಕುಡೀತೀವಿ!"

ಅಪ್ಪನ ಸ್ಟಾಂಪಿನಲ್ಲಿ ಕಾಫಿ! ಆ ಹೊತ್ತಿಗೆ ಚುಕ್ಕೆ ಕ್ಯಾತ್ಸಂದ್ರಕ್ಕೆ, ಅವರ ತಂಗಿಯ ಮನೆಯ ನಾಮಕರಣಕ್ಕೆ ಹೋಗಿ ಮುಟ್ಟಿತ್ತು. ಆ ತಂಗಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ, "ಅಕ್ಕ ಏನು ಕೊಟ್ರಮ್ಮ?" ಎಂದೆ. "ಗೋಡೆಗೆ ಹಾಕಿದೀವಿ ಆಂಟಿ, ಟೈಮ್ ಕರೆಕ್ಟಾಗಿ ತೋರಿಸುತ್ತೆ!" ಎಂದಳು. ಮನೆಗೆ ಬಂದು, ಅಪ್ಪನ "ಜೋಪಾನ" ನೆನಪಾಗಿ ಅತ್ತೇಬಿಟ್ಟೆ.

ಅಷ್ಟರಲ್ಲಿ ಚುಕ್ಕೆ ವಾಪಸ್ಸು ಬಟವಾಡಿಗೆ ಬಂತು. ಅಕ್ಕನ ಮದುವೆಯ ವಾರ್ಷಿಕೋತ್ಸವಕ್ಕೆ ತಂಗಿ ಅದನ್ನೇ ಕೊಟ್ಟಿದ್ದಳು. ನಾನು ಕಣ್ಣೊರೆಸಿಕೊಂಡೆ.

"ಭಾವ, ನಿಮಗೆ ಅರವತ್ತಾಯ್ತಲ್ಲ, ಸಮಾರಂಭ ಮಾಡೋಣ."

"ಐವತ್ತೆಂಟಮ್ಮ!"

"ಆಯ್ತು ಅನ್ಕೊಳ್ಳಿ! ಮಾಡಿದ್ದುಣ್ಣೋ ಮಾರಾಯ ಅಂತಾರಲ್ಲ, ಹಂಗೆ!"

ಸಮಾರಂಭದ ದಿನ ಸರ್ವಮಂಗಳಮ್ಮ ಬಂದರು. ಕೈಯಲ್ಲಿ ಅದೇ ಹೂವಿನ ಕಾಗದ! ಕಸಿದುಕೊಂಡು, ಭಾವನನ್ನೂ ಎಳೆದುಕೊಂಡು ಕೋಣೆ ಸೇರಿದೆ. ಕಾಗದ ಹರಿದು ಮುಚ್ಚಳ ತಟ್ಟಿದೆ.

"ಗಡಿಯಾರದ ಗೋಪುರ!"

"ಅದು ಹಳೇ ಒಗಟು," ಎಂದಿತು ಪೆಟ್ಟಿಗೆ. ಊರು ಸುತ್ತಿ ಅದಕ್ಕೂ ಬುದ್ಧಿ ಬಂದಿತ್ತು. "ಕೊಡೋರಿದಾರೆ, ಬಿಚ್ಚೋರಿಲ್ಲ. ಹೊಗಳೋರಿದಾರೆ, ನೋಡಿದೋರಿಲ್ಲ. ನಾನ್ಯಾರು?"

"ದೇವರು!" ಎಂದರು ಭಾವ.

"ಸುಮ್ನಿರಿ ಭಾವ! ಉಡುಗೊರೆ!"

ಮುಚ್ಚಳ ತೆರೆಯಿತು. ಅಪ್ಪನ ಗೋಪುರ ಒಂದು ಚೂರೂ ಮಾಸದೆ, ತಲೆಕೆಳಗಾಗಿಯೇ ಇತ್ತು. ಎದೆಗೊತ್ತಿಕೊಂಡೆ. ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಭಾವ ಖುಷಿಯ ಭರದಲ್ಲಿ ಪೆಟ್ಟಿಗೆಯ ಪಕ್ಕದ ಗುಂಡಿಯನ್ನು ಹಿಂದಕ್ಕೆ ತಿರುಗಿಸಿಬಿಟ್ಟರು!

"ಅಡಗೋದು ಆಯ್ತು, ಇನ್ನು ಅಡಗಿರೋದನ್ನ ಹುಡುಕ್ತದೆ ನೋಡು!"

ಪೆಟ್ಟಿಗೆ ನೇರ ಬೀರುವಿಗೆ ನುಗ್ಗಿತು. ಒಂದೊಂದೇ ಉಡುಗೊರೆಯನ್ನು ಹಾಲಿಗೆ ಹೊತ್ತು ತಂದು, ಬಂದವರೆಲ್ಲರ ಮುಂದೆ ಪರಪರನೆ ಬಿಚ್ಚತೊಡಗಿತು. ಕೊನೆಗೆ ಬಿಚ್ಚಿದ್ದು ಕಾಫಿ ಕಪ್ಪುಗಳ ಸೆಟ್ಟು. ಒಳಗಿದ್ದ ಕಾರ್ಡನ್ನು ದೊಡ್ಡ ದನಿಯಲ್ಲಿ ಓದಿತು: "ಪ್ರೀತಿಯ ಶಿವಗಂಗಾಗೆ, ನಿನ್ನ ಸರ್ವಮಂಗಳ."

ಸರ್ವಮಂಗಳಮ್ಮ ನನ್ನನ್ನೇ ನೋಡಿದರು.

"ಎಷ್ಟು ಚೆನ್ನಾಗಿದೆ ರೀ!" ಎಂದೆ. "ದಿನಾ ಅದ್ರಲ್ಲೇ ಕಾಫಿ ಕುಡೀತೀವಿ!"

ಕಪ್ಪುಗಳೊಳಗೆ ತುಂಬಿದ್ದ ಒಣಹುಲ್ಲು ಇನ್ನೂ ಹಾಗೇ ಇತ್ತು.